ನೋವಿನ ಎಣ್ಣೆಗೆ ಸಾರತೈಲ ಬೆರೆಸಿದ ಮೇಲೆ ತೋಳಿನಲ್ಲಿ ಕಂದು ಗೆರೆ: ತಪ್ಪಿದ್ದೆಲ್ಲಿ?

ನಾಟಿಗದ್ದೆ, ಸಿಂಧನೂರು

ಎಲ್ಲರಿಗೂ ನಮಸ್ಕಾರ. ನಮ್ಮದು ಹನ್ನೆರಡು ಹೆಣ್ಣುಮಕ್ಕಳ ಸ್ವಸಹಾಯ ಸಂಘ. ಎಡದಂಡೆ ಕಾಲುವೆಗೆ ನೀರು ಬಿಟ್ಟರೆ ನಮ್ಮಲ್ಲಿ ಹೆಚ್ಚಿನವರು ಭತ್ತದ ನಾಟಿಗೆ ಹೋಗುವವರೇ. ದಿನವಿಡೀ ಬಗ್ಗಿ ಸಸಿ ಹಚ್ಚಿ ಸೊಂಟ ಹಿಡಿದುಕೊಂಡವರಿಗೆ ತಿಕ್ಕಲೆಂದು ಒಂದು ನೋವಿನ ಎಣ್ಣೆಯನ್ನು ಹಲವು ವರ್ಷಗಳಿಂದ ನಾವೇ ತಯಾರಿಸಿಕೊಳ್ಳುತ್ತ ಬಂದಿದ್ದೇವೆ. ಎಳ್ಳೆಣ್ಣೆಗೆ ಬೆಳ್ಳುಳ್ಳಿ, ಓಂಕಾಳು ಹಾಕಿ ಕಾಯಿಸಿ, ಇಳಿಸಿದ ಮೇಲೆ ಸ್ವಲ್ಪ ಕರ್ಪೂರ ಕರಗಿಸುವುದು ನಮ್ಮ ಹಳೆಯ ಪದ್ಧತಿ. ಅದರಿಂದ ಯಾರಿಗೂ ತೊಂದರೆಯಾದದ್ದು ನೆನಪಿಲ್ಲ. ಈ ವರ್ಷ ಒಂದು ತರಬೇತಿಯಲ್ಲಿ ಸಾರತೈಲಗಳ, ಎಂದರೆ ಗಿಡಗಳಿಂದ ತೆಗೆದ ತೀಕ್ಷ್ಣ ವಾಸನೆಯ ಎಣ್ಣೆಗಳ (ಎಸೆನ್ಷಿಯಲ್ ಆಯಿಲ್) ಪರಿಚಯವಾಗಿ, ಅಲ್ಲಿ ಕೊಟ್ಟ ಚೀಟಿಯಂತೆ ಹೊಸ ಮಿಶ್ರಣ ಮಾಡಿದೆವು. ಎಲ್ಲ ಸೇರಿ 100 ಮಿಲಿ ಆಗುವಂತೆ ಎಳ್ಳೆಣ್ಣೆಯಲ್ಲಿ ನೀಲಗಿರಿ 5 ಮಿಲಿ, ವಿಂಟರ್‌ಗ್ರೀನ್ 5 ಮಿಲಿ, ನಿಂಬೆ 3 ಮಿಲಿ, ಲವಂಗ 2 ಮಿಲಿ, ಮಜ್ಜಿಗೆಹುಲ್ಲು 2 ಮಿಲಿ, ದಾಲ್ಚಿನ್ನಿ ಎಲೆಯ ಎಣ್ಣೆ 1 ಮಿಲಿ, ಕರ್ಪೂರ 5 ಗ್ರಾಂ.

ಜನವರಿಯ ಬೇಸಿಗೆ ಬೆಳೆಯ ನಾಟಿಯಲ್ಲಿ ಇದನ್ನು ಬಳಸಿದಾಗ ಇಬ್ಬರಿಗೆ ತೊಂದರೆಯಾಯಿತು. ಒಬ್ಬರು ಬೆಳಿಗ್ಗೆ ಎರಡೂ ಕೈಗಳಿಗೆ ತಿಕ್ಕಿಕೊಂಡು ಗದ್ದೆಗೆ ಬಂದರು. ಮರುದಿನ ಸಂಜೆಗೆ ಮುಂಗೈ ಕೆಂಪಾಗಿ, ಅದರಾಚೆ ದಿನ ಸಣ್ಣ ಗುಳ್ಳೆ ಎದ್ದು, ಈಗ ಎರಡು ತಿಂಗಳು ಕಳೆದರೂ ಕಂದು ಗೆರೆಗಳು ಹಾಗೆಯೇ ಉಳಿದಿವೆ. ಇನ್ನೊಬ್ಬರು ಸೊಂಟಕ್ಕೆ ಮಾತ್ರ ಹಚ್ಚುತ್ತಿದ್ದರು. ಅವರಿಗೆ ಮೊದಲ ಮೂರು ವಾರ ಏನೂ ಆಗಲಿಲ್ಲ, ನಾಲ್ಕನೆಯ ವಾರದಿಂದ ಹಚ್ಚಿದಾಗಲೆಲ್ಲ ವಿಪರೀತ ತುರಿಕೆ. ನಮಗೆ ಸಿಕ್ಕಿದ್ದು ಕಲಬೆರಕೆ ಎಣ್ಣೆಯೇ, ಅಥವಾ ಮಿಶ್ರಣವೇ ತಪ್ಪೇ? ಮುಂದಿನ ಗವಿಮಠದ ಜಾತ್ರೆಯ ಹೊತ್ತಿಗೆ ನಾಲ್ಕು ಬಾಟಲಿ ಮಾರಾಟಕ್ಕೂ ಇಡಬೇಕೆಂಬ ಆಸೆ ಇತ್ತು. ಈಗ ಕೈ ನಡುಗುತ್ತಿದೆ.

ಗುಳಿಗೆ ಅಂಗಡಿ, ಕೊಪ್ಪಳ

ಅಕ್ಕನವರೇ, ಅಳತೆಯ ಸಮೇತ ಬರೆದದ್ದು ಬಹಳ ಉಪಕಾರವಾಯಿತು. ಹೆಚ್ಚಿನವರು ‘ಸ್ವಲ್ಪ ಸ್ವಲ್ಪ ಹಾಕಿದೆವು’ ಎಂದು ಬರೆಯುತ್ತಾರೆ, ಆಗ ಯಾರಿಂದಲೂ ಏನೂ ಹೇಳಲಾಗುವುದಿಲ್ಲ. ಉತ್ತರಿಸುವ ಮೊದಲು ಎರಡು ಪ್ರಶ್ನೆ. ನಿಂಬೆ ಎಣ್ಣೆಯ ಬಾಟಲಿಯ ಮೇಲೆ ಹಿಂಡಿ ತೆಗೆದದ್ದು ಎಂದಿದೆಯೋ, ಬಟ್ಟಿ ಇಳಿಸಿದ್ದು ಎಂದಿದೆಯೋ? ಕೈ ಮೇಲಿನ ಗೆರೆಗಳು ಎಲ್ಲಿಂದ ಶುರುವಾಗಿ ಎಲ್ಲಿ ನಿಂತಿವೆ?

ನಾಟಿಗದ್ದೆ, ಸಿಂಧನೂರು

ಅಣ್ಣನವರೇ, ಬಾಟಲಿ ನೋಡಿದೆ. ‘ಕೋಲ್ಡ್ ಪ್ರೆಸ್ಡ್’ ಎಂದು ಬರೆದಿದೆ. ಗೆರೆಗಳ ವಿಷಯ ನೀವು ಕೇಳಿದ ಮೇಲೆ ಅವರ ಕೈ ಹಿಡಿದು ನೋಡಿದೆವು. ನಾವು ಗದ್ದೆಗೆ ಹೋಗುವಾಗ ಸೀರೆಯ ಮೇಲೆ ಗಂಡಸರ ಅಂಗಿ ಹಾಕಿಕೊಳ್ಳುತ್ತೇವೆ; ಅವರು ತೋಳನ್ನು ಮೊಣಕೈವರೆಗೆ ಮಡಚಿದ್ದರು. ಕಲೆ ಆ ಮಡಿಕೆಯ ಅಂಚಿನಿಂದಲೇ ಶುರುವಾಗಿದೆ. ರಟ್ಟೆಗೂ ಅದೇ ಎಣ್ಣೆ ಹಚ್ಚಿದ್ದರು, ಅಲ್ಲಿ ಒಂದು ಚುಕ್ಕೆಯೂ ಇಲ್ಲ. ಮುಂಗೈಯಲ್ಲಿ ಎಣ್ಣೆ ಹರಿದು ಇಳಿದ ದಾರಿಯುದ್ದಕ್ಕೂ ಎರಡು ಗೆರೆ, ಬಳೆಗಳ ಹತ್ತಿರ ಬಂದು ನಿಂತಿವೆ.

ಗುಳಿಗೆ ಅಂಗಡಿ, ಕೊಪ್ಪಳ

ಹಾಗಾದರೆ ಮೊದಲನೆಯವರ ವಿಷಯದಲ್ಲಿ ನನಗೆ ಹೆಚ್ಚಿನ ಸಂಶಯವಿಲ್ಲ. ಇದು ಬಿಸಿಲು ಮತ್ತು ನಿಂಬೆ ಸೇರಿ ಮಾಡಿದ ಕೆಲಸ. ನಿಂಬೆಯ ಸಿಪ್ಪೆಯನ್ನು ಒತ್ತಿ ಹಿಂಡಿದ ಎಣ್ಣೆಯಲ್ಲಿ ಫ್ಯುರೊಕೌಮರಿನ್ ಎಂಬ ಗುಂಪಿನ ವಸ್ತುಗಳಿರುತ್ತವೆ. ನೆರಳಿನಲ್ಲಿ ಅವು ಸುಮ್ಮನಿರುತ್ತವೆ. ಬಿಸಿಲಿನ ಅತಿನೇರಳೆ ಕಿರಣ ತಾಗಿದರೆ ಚರ್ಮವನ್ನು ಸುಡುತ್ತವೆ. ಬಟ್ಟಿ ಇಳಿಸಿದ ನಿಂಬೆ ಎಣ್ಣೆಯಲ್ಲಿ ಈ ಅಪಾಯವಿಲ್ಲ, ಏಕೆಂದರೆ ಆ ಭಾರದ ವಸ್ತುಗಳು ಹಬೆಯೊಂದಿಗೆ ಮೇಲೇರುವುದಿಲ್ಲ. ಹಚ್ಚಿದ ಕೂಡಲೇ ಉರಿಯದೆ ಒಂದು ದಿನ ಕಳೆದ ಮೇಲೆ ಕೆಂಪಾಗುವುದು, ಎಣ್ಣೆ ಹರಿದ ದಾರಿಯಲ್ಲೇ ಗೆರೆ ಮೂಡುವುದು, ಬಟ್ಟೆ ಮುಚ್ಚಿದಲ್ಲಿ ಏನೂ ಆಗದಿರುವುದು, ಕಂದು ಬಣ್ಣ ತಿಂಗಳುಗಟ್ಟಲೆ ಉಳಿಯುವುದು, ಈ ನಾಲ್ಕೂ ಅದರ ಗುರುತುಗಳು. ಆ ಕಂದು ಬಣ್ಣ ನಿಧಾನವಾಗಿ ತಿಳಿಯಾಗುತ್ತದೆ, ಅವರಿಗೆ ಧೈರ್ಯ ಹೇಳಿ. ಅಲ್ಲಿಯವರೆಗೆ ಆ ಭಾಗಕ್ಕೆ ಬಿಸಿಲು ತಾಗದಂತೆ ತೋಳು ಇಳಿಸಿಕೊಳ್ಳಲಿ.

ಸುಗಂಧ ಉದ್ಯಮದ ಅಂತರರಾಷ್ಟ್ರೀಯ ಸಂಘವಾದ ಇಫ್ರಾ, ಬಿಸಿಲಿಗೆ ಒಡ್ಡುವ ಮೈಗೆ ಹಚ್ಚಿ ತೊಳೆಯದೆ ಬಿಡುವ ಪದಾರ್ಥಗಳಲ್ಲಿ ಹಿಂಡಿದ ಸಣ್ಣ ನಿಂಬೆಯ ಎಣ್ಣೆಗೆ ಶೇಕಡಾ 0.7, ಬರ್ಗಮಾಟ್ ಎಂಬ ನಿಂಬೆ ಜಾತಿಯ ಹಣ್ಣಿನ ಎಣ್ಣೆಗೆ ಶೇಕಡಾ 0.4 ಎಂದು ಮಿತಿ ಹಾಕಿದೆ. ನಿಮ್ಮಲ್ಲಿದ್ದದ್ದು ಶೇಕಡಾ 3. ಆ ಮಿತಿಯನ್ನು ಮೀರಿದ ಎಣ್ಣೆ ಹಚ್ಚಿದರೆ ಕನಿಷ್ಠ 12 ಗಂಟೆ ಆ ಜಾಗ ಬಿಸಿಲು ಕಾಣಬಾರದು. ನಾಟಿಗೆ ಹೋಗುವವರಿಗೆ ಅದು ಆಗುವ ಮಾತಲ್ಲ.

ಎರಡನೆಯವರದು ಬೇರೆಯೇ ಕಥೆ. ಸೊಂಟಕ್ಕೆ ಬಿಸಿಲು ತಾಗಿಲ್ಲ, ಮೂರು ವಾರ ಚರ್ಮ ಒಪ್ಪಿಕೊಂಡಿದೆ, ಆಮೇಲೆ ತಿರುಗಿಬಿದ್ದಿದೆ. ಇದು ಅಲರ್ಜಿಯ ಲಕ್ಷಣ. ಬಲವಾದ ಎಣ್ಣೆ ದಿನವೂ ತಾಗಿ ತಾಗಿ ದೇಹ ಅದನ್ನು ಶತ್ರುವೆಂದು ಗುರುತಿಟ್ಟುಕೊಂಡಿದೆ. ಒಮ್ಮೆ ಗುರುತಿಟ್ಟುಕೊಂಡರೆ ಮುಂದೆ ತೀರಾ ಸ್ವಲ್ಪ ತಾಗಿದರೂ ತುರಿಕೆ ಬರುತ್ತದೆ, ಅದು ಬಹುಪಾಲು ಜನ್ಮಕ್ಕೆ ಉಳಿಯುತ್ತದೆ. ಯಾವುದರಿಂದ ಎಂಬುದನ್ನು ಚರ್ಮರೋಗ ತಜ್ಞರು ಪಟ್ಟಿ ಅಂಟಿಸಿ ಪರೀಕ್ಷಿಸಿ ಹೇಳಬೇಕು, ಆದರೆ ನನ್ನ ಅನುಮಾನ ಲವಂಗ ಮತ್ತು ದಾಲ್ಚಿನ್ನಿ ಎಲೆಯ ಮೇಲೆ. ಈ ಅನುಮಾನ ಏಕೆ ಎಂಬುದನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಏಕೆಂದರೆ ಚೀಟಿ ಬರೆದವರು ಎಡವಿದ್ದು ಇಲ್ಲಿಯೇ.

ಲವಂಗದ ಎಣ್ಣೆಯಲ್ಲಿ ಹೆಚ್ಚುಕಡಿಮೆ ಶೇಕಡಾ 80 ಭಾಗ ಯೂಜಿನಾಲ್ ಎಂಬ, ಚರ್ಮಕ್ಕೆ ಅಲರ್ಜಿ ತರಬಲ್ಲ ವಸ್ತು. ದಾಲ್ಚಿನ್ನಿಯ ತೊಗಟೆಯ ಎಣ್ಣೆ ಬೇರೆ, ಎಲೆಯ ಎಣ್ಣೆ ಬೇರೆ; ಎಲೆಯದರಲ್ಲೂ ಮುಕ್ಕಾಲು ಭಾಗಕ್ಕಿಂತ ಹೆಚ್ಚು ಇದೇ ಯೂಜಿನಾಲ್. ಹೆಸರು ಎರಡಾದರೂ ನೀವು ಹಾಕಿದ್ದು ಒಂದೇ ವಸ್ತುವನ್ನು ಎರಡು ಸಲ. ಲವಂಗದಿಂದ ಶೇಕಡಾ 1.6, ಎಲೆಯಿಂದ ಶೇಕಡಾ 0.8, ಒಟ್ಟು 2.4. ಮೈಗೆ ಹಚ್ಚುವ ಎಣ್ಣೆಯಲ್ಲಿ ಯೂಜಿನಾಲ್ ಶೇಕಡಾ 0.5 ದಾಟಬಾರದೆಂದು ಸುರಕ್ಷತಾ ಕೈಪಿಡಿಗಳು ಸಾಮಾನ್ಯವಾಗಿ ಹೇಳುತ್ತವೆ. ಸುಮಾರು ಐದು ಪಟ್ಟು ಆಯಿತು. ಇದರ ಮೇಲೆ ತುಳಸಿಯ ಎಣ್ಣೆಯನ್ನೂ ‘ಒಳ್ಳೆಯದು’ ಎಂದು ಸೇರಿಸುವವರಿದ್ದಾರೆ. ಅದರಲ್ಲೂ ಯೂಜಿನಾಲ್ ಇದೆ. ಬೆರೆಸುವಾಗ ಎಣ್ಣೆಗಳ ಹೆಸರನ್ನು ಎಣಿಸಿದರೆ ಸಾಲದು, ಅವುಗಳೊಳಗಿನ ವಸ್ತುವನ್ನು ಕೂಡಿಸಬೇಕು. ಮಜ್ಜಿಗೆಹುಲ್ಲಿನ ಎಣ್ಣೆಯ ಮಿತಿಯೂ ಶೇಕಡಾ 0.7, ನಿಮ್ಮದು 2. ಅದರಲ್ಲಿ ಸಿಟ್ರಾಲ್ ಹೆಚ್ಚು, ಅದೂ ಚರ್ಮದ ಅಲರ್ಜಿಗೆ ಹೆಸರುವಾಸಿ.

ದಾಲ್ಚಿನ್ನಿ ಎಲೆಯ ಬದಲು ತೊಗಟೆಯ ಎಣ್ಣೆ ಹಾಕಿದ್ದರೆ ಇನ್ನೂ ಕಷ್ಟವಿತ್ತು. ಅದಕ್ಕೆ ಕೈಪಿಡಿಗಳು ಹೇಳುವ ಮಿತಿ ಶೇಕಡಾ 0.07, ಎಂದರೆ 100 ಮಿಲಿಗೆ ಒಂದೆರಡು ಹನಿ.

ಬಿಳಿಜೋಳ, ಲಿಂಗಸುಗೂರು

ಗುಳಿಗೆ ಅಂಗಡಿಯವರ ಲೆಕ್ಕವನ್ನು ಒಪ್ಪುತ್ತೇನೆ, ಆದರೆ ಒಂದು ಮಾತು ಅರ್ಥವಾಗುತ್ತಿಲ್ಲ. ಅಂಗಡಿಯಲ್ಲಿ ಸಿಗುವ ನೋವಿನ ಬಾಮಿನ ಡಬ್ಬಿ ತಿರುಗಿಸಿ ನೋಡಿದರೆ ಗಂಧಪುರ ತೈಲ, ಕರ್ಪೂರ, ಪುದೀನ ಹೂವು (ಮೆಂಥಾಲ್ ಹರಳು) ಎಲ್ಲವೂ ಶೇಕಡಾ 5, 10, 15ರ ಲೆಕ್ಕದಲ್ಲಿರುತ್ತವೆ. ನಮ್ಮ ತಂದೆಯವರು ಮೂವತ್ತು ವರ್ಷ ಹಚ್ಚಿಕೊಂಡರು, ಏನೂ ಆಗಲಿಲ್ಲ. ಕಂಪನಿಯವರು ಹಾಕಿದರೆ ಔಷಧ, ಹೆಣ್ಣುಮಕ್ಕಳು ಹಾಕಿದರೆ ವಿಷ ಎಂದರೆ ಹೇಗೆ?

ಗುಳಿಗೆ ಅಂಗಡಿ, ಕೊಪ್ಪಳ

ಕೇಳಲೇಬೇಕಾದ ಪ್ರಶ್ನೆ. ಮೊದಲನೆಯದಾಗಿ, ಬಾಮನ್ನು ಬೆರಳ ತುದಿಯಲ್ಲಿ ತೆಗೆದು ಹಣೆಗೋ ಮಂಡಿಗೋ ಹಚ್ಚುತ್ತೇವೆ. ಎಣ್ಣೆಯನ್ನು ಅಂಗೈಯಲ್ಲಿ ಸುರಿದುಕೊಂಡು ಬೆನ್ನು, ಸೊಂಟ, ತೊಡೆಗಳಿಗೆಲ್ಲ ತಿಕ್ಕುತ್ತೇವೆ. ಶೇಕಡಾವಾರು ಕಡಿಮೆಯಿದ್ದರೂ ಮೈ ಸೇರುವ ಒಟ್ಟು ಪ್ರಮಾಣ ಹೆಚ್ಚಾಗಬಹುದು. ಎರಡನೆಯದಾಗಿ, ನಾನು ಹೆಚ್ಚೆಂದು ತೋರಿಸಿದ್ದು ನಿಂಬೆ, ಲವಂಗ, ದಾಲ್ಚಿನ್ನಿ, ಮಜ್ಜಿಗೆಹುಲ್ಲುಗಳನ್ನು. ವಿಂಟರ್‌ಗ್ರೀನ್ ಮತ್ತು ಕರ್ಪೂರದ ಅಪಾಯ ಬೇರೆ ಜಾತಿಯದು. ಅವು ಚರ್ಮಕ್ಕಿಂತ ರಕ್ತಕ್ಕೆ ಸಂಬಂಧಪಟ್ಟವು.

ಗಂಧಪುರ ತೈಲವೇ ವಿಂಟರ್‌ಗ್ರೀನ್. ಅದು ಪೂರ್ತಿಯಾಗಿ ಎನ್ನುವಷ್ಟು ಮೀಥೈಲ್ ಸ್ಯಾಲಿಸಿಲೇಟ್, ಆಸ್ಪಿರಿನ್ನಿನ ಹತ್ತಿರದ ಬಂಧು. ಅದರ ಒಂದು ಚಹಾ ಚಮಚ, ಎಂದರೆ 5 ಮಿಲಿ, ಸುಮಾರು 7 ಗ್ರಾಂ ಆಸ್ಪಿರಿನ್‌ಗೆ ಸಮ. 325 ಮಿಲಿಗ್ರಾಮಿನ ಇಪ್ಪತ್ತಕ್ಕೂ ಹೆಚ್ಚು ಗುಳಿಗೆ ಒಟ್ಟಿಗೆ ನುಂಗಿದಂತೆ. ಮಗುವೊಂದರ ಜೀವ ತೆಗೆಯಲು ಅಷ್ಟು ಸಾಕು. ಹಚ್ಚಿದರೂ ಚರ್ಮದ ಮೂಲಕ ಒಳಗೆ ಹೋಗುತ್ತದೆ. ಹೃದಯದ ಕವಾಟದ ಶಸ್ತ್ರಚಿಕಿತ್ಸೆಯಾಗಿ ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಗುಳಿಗೆ ತೆಗೆದುಕೊಳ್ಳುವವರು ಇದನ್ನು ಮೈತುಂಬ ಹಚ್ಚಿದರೆ ರಕ್ತಸ್ರಾವದ ಅಪಾಯ ಏರುತ್ತದೆ. ಆಸ್ಪಿರಿನ್ ಒಗ್ಗದವರು, ಬಸುರಿಯರು, ಜ್ವರ ಬಂದ ಮಕ್ಕಳು ಇದರಿಂದ ದೂರವಿರಬೇಕು.

ಇನ್ನೊಂದು ವಿಷಯವನ್ನು ನಮ್ಮ ಭಾಗದವರು ಗಮನಿಸಲೇಬೇಕು. ಮೈ ಬಿಸಿಯಾದಷ್ಟೂ, ದುಡಿದು ಬೆವರಿದಷ್ಟೂ ಚರ್ಮ ಇದನ್ನು ಹೆಚ್ಚು ಹೀರಿಕೊಳ್ಳುತ್ತದೆ. ಎಣ್ಣೆ ಹಚ್ಚಿ, ಮೇಲೆ ಬಿಸಿನೀರಿನ ಚೀಲದ ಕಾವು ಕೊಟ್ಟು, ಬಟ್ಟೆ ಬಿಗಿಯಾಗಿ ಸುತ್ತುವ ಅಭ್ಯಾಸ ನಮ್ಮಲ್ಲಿದೆ. ಮೆಂಥಾಲ್, ಮೀಥೈಲ್ ಸ್ಯಾಲಿಸಿಲೇಟ್ ಇರುವ ನೋವಿನ ಮುಲಾಮುಗಳಿಂದ ಚರ್ಮ ಸುಟ್ಟ ಪ್ರಕರಣಗಳನ್ನು ಕಂಡು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2012ರಲ್ಲಿ ಎಚ್ಚರಿಕೆ ಹೊರಡಿಸಿತ್ತು. ಹಚ್ಚಿದ ಜಾಗಕ್ಕೆ ಕಾವು ಕೊಡಬೇಡಿ, ಬಿಗಿಯಾಗಿ ಕಟ್ಟಬೇಡಿ ಎಂಬುದು ಅದರಲ್ಲಿದ್ದ ಸೂಚನೆ. ಅವು ಕಾರ್ಖಾನೆಯಲ್ಲೇ ತಯಾರಾದವು ಎಂಬುದನ್ನು ಬಿಳಿಜೋಳದವರು ಗಮನಿಸಬೇಕು. ಮೆಣಸಿನಕಾಯಿ ಬಿಡಿಸಿ ಬಂದ ಕೈಯಿಂದ ಈ ಎಣ್ಣೆ ತಿಕ್ಕುವವರ ಪಾಡನ್ನಂತೂ ಸಿರುಗುಪ್ಪದ ಕಡೆಯವರೇ ಹೇಳಬೇಕು.

ಅತ್ತರ್ ಗಲ್ಲಿ, ಬಳ್ಳಾರಿ

ಕಲಬೆರಕೆಯ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ಊದಿನಕಡ್ಡಿ, ಅತ್ತರು, ಎಣ್ಣೆಗಳ ವ್ಯಾಪಾರ ನಮ್ಮ ಮನೆತನದ್ದು. ‘ಲ್ಯಾವೆಂಡರ್’, ‘ಮಲ್ಲಿಗೆ’, ‘ಗುಲಾಬಿ’ ಎಂದು ನೂರು ರೂಪಾಯಿಯೊಳಗೆ ಸಿಗುವ ಬಾಟಲಿಗಳಲ್ಲಿ ಗಿಡದ ಎಣ್ಣೆ ಇರುವುದಿಲ್ಲ; ಅದು ಸುಗಂಧದ ದ್ರಾವಣ, ಊದಿನಕಡ್ಡಿಗೂ ಸಾಬೂನಿಗೂ ಆಗುತ್ತದೆ, ಮೈಗೆ ತಿಕ್ಕಲು ಬೇಡ. ನಿಜವಾದ ಗುಲಾಬಿ ಎಣ್ಣೆಯ ಬೆಲೆ ಕೇಳಿದರೆ ಗಿರಾಕಿ ಅಂಗಡಿಯ ಮೆಟ್ಟಿಲಿಳಿಯುತ್ತಾರೆ. ಉರುಸಿನ ಅಂಗಡಿಗಳಲ್ಲಿ ಮಾರುವ ಅತ್ತರು ಹಿಂದೆ ಗಂಧದ ಎಣ್ಣೆಯ ಮೇಲೆ ಇಳಿಸಿದ್ದಾಗಿರುತ್ತಿತ್ತು. ಈಗ ಹೆಚ್ಚಿನದು ಪ್ಯಾರಾಫಿನ್ ಮೇಲೆ ಬೆರೆಸಿದ ಸುವಾಸನೆ.

ಒಳ್ಳೆಯ ಬಾಟಲಿಯ ಮೇಲೆ ಗಿಡದ ಸಸ್ಯಶಾಸ್ತ್ರೀಯ ಹೆಸರು, ಯಾವ ಭಾಗದಿಂದ ತೆಗೆದದ್ದು, ಹೇಗೆ ತೆಗೆದದ್ದು, ಬ್ಯಾಚ್ ಸಂಖ್ಯೆ ಇರಬೇಕು. ನೀಲಗಿರಿಯಲ್ಲೇ ನೋಡಿ: ಯೂಕಲಿಪ್ಟಸ್ ಗ್ಲಾಬ್ಯುಲಸ್ ಎಂದರೆ ಮೂಗಿಗೆ ಹೊಡೆಯುವ ಸಿನಿಯೋಲ್ ತುಂಬಿದ್ದು, ಸಿಟ್ರಿಯೋಡೋರಾ ಎಂದರೆ ನಿಂಬೆಯಂತೆ ನಾರುವ, ಬೇರೆಯೇ ಗುಣದ ಎಣ್ಣೆ. ಎರಡಕ್ಕೂ ಅಂಗಡಿಯವರು ‘ನೀಲಗಿರಿ’ ಎಂದೇ ಕೊಡುತ್ತಾರೆ. ಬಿಳಿ ಕಾಗದದ ಮೇಲೆ ಒಂದು ಹನಿ ಬಿಟ್ಟು ರಾತ್ರಿಯಿಡೀ ಬಿಡುವುದು ನಮ್ಮ ಹಳೆಯ ಪರೀಕ್ಷೆ: ಜಿಡ್ಡಿನ ಕಲೆ ಉಳಿದರೆ ಅಡಿಗೆ ಎಣ್ಣೆಯೋ ಪ್ಯಾರಾಫಿನ್ನೋ ಸೇರಿದೆ ಎಂದರ್ಥ. ಆದರೆ ಟರ್ಪೆಂಟೈನ್ ಬೆರೆಸಿದ್ದರೆ ಅದೂ ಹಾರಿಹೋಗುವುದರಿಂದ ಈ ಪರೀಕ್ಷೆ ಸೋಲುತ್ತದೆ. ಖಚಿತವಾಗಿ ತಿಳಿಯಬೇಕಾದರೆ ಗ್ಯಾಸ್ ಕ್ರೊಮ್ಯಾಟೋಗ್ರಫಿ ವರದಿ ಕೇಳಿ, ಎಂದರೆ ಎಣ್ಣೆಯೊಳಗಿನ ವಸ್ತುಗಳನ್ನು ಬಿಡಿಸಿ ಅಳೆಯುವ ಪ್ರಯೋಗಾಲಯದ ವರದಿ. ದೊಡ್ಡ ಸರಬರಾಜುದಾರರು ಬ್ಯಾಚ್‌ವಾರು ಕೊಡುತ್ತಾರೆ. ಇಷ್ಟು ಹೇಳಿದ ಮೇಲೂ ನನ್ನ ಅಭಿಪ್ರಾಯವೆಂದರೆ, ಅಕ್ಕನವರ ಪ್ರಕರಣದಲ್ಲಿ ಎಣ್ಣೆ ಅಪ್ಪಟವಾಗಿದ್ದುದರಿಂದಲೇ ಕೈ ಸುಟ್ಟಿದೆ. ಕೃತಕ ನಿಂಬೆ ವಾಸನೆಯಲ್ಲಿ ಆ ಫ್ಯುರೊಕೌಮರಿನ್ ಎಲ್ಲಿಂದ ಬರಬೇಕು?

ವಾರ್ಡ್ ಡ್ಯೂಟಿ, ರಾಯಚೂರು

ನಾನು ಮಕ್ಕಳ ವಿಭಾಗದಲ್ಲಿ ದಾದಿ. ಸಂಘದ ಅಕ್ಕಂದಿರ ಮನೆಗಳಲ್ಲಿ ಮಕ್ಕಳಿರುತ್ತಾರೆ, ಬಾಣಂತಿಯರಿರುತ್ತಾರೆ. ಸೊಂಟಕ್ಕೆಂದು ಮಾಡಿದ ಎಣ್ಣೆ ಕೂಸಿನ ಎದೆಗೆ ಹೋಗಲು ತಡವಾಗುವುದಿಲ್ಲ. ಆದ್ದರಿಂದ ಬರೆಯುತ್ತಿದ್ದೇನೆ.

ಶೀತವಾದ ಕೂಸಿಗೆ ಕೊಬ್ಬರಿ ಎಣ್ಣೆಯಲ್ಲಿ ಕರ್ಪೂರ ಕರಗಿಸಿ ಎದೆ ಬೆನ್ನಿಗೆ ಹಚ್ಚಿ, ಟೊಪ್ಪಿಗೆ ಹಾಕಿ, ಬೆಚ್ಚಗೆ ಸುತ್ತಿ ಮಲಗಿಸುವುದು ನಮ್ಮ ಬಾಣಂತಿ ಕೋಣೆಗಳ ಪದ್ಧತಿ. ಕರ್ಪೂರ ಮಿದುಳಿಗೆ ನೇರವಾಗಿ ತಾಗುವ ವಸ್ತು. ಒಂದು ಗ್ರಾಂನಷ್ಟು ಹೊಟ್ಟೆಗೆ ಹೋದರೆ ಚಿಕ್ಕ ಮಗುವಿನ ಪ್ರಾಣಕ್ಕೆ ಸಂಚಕಾರ ಬರಬಹುದು, ಅದಕ್ಕೂ ಕಡಿಮೆಯಲ್ಲಿ ಫಿಟ್ಸ್ ಬರುತ್ತದೆ. ಎಳೆಯ ಚರ್ಮದಿಂದಲೂ ಅದು ಒಳಗಿಳಿಯುತ್ತದೆ. ನೀಲಗಿರಿಯೂ ಅಷ್ಟೇ. ಕರ್ಪೂರ ಮತ್ತು ನೀಲಗಿರಿಯ ಬಳಕೆಗೂ ಫಿಟ್ಸ್‌ಗೂ ಇರುವ ಸಂಬಂಧವನ್ನು ಬೆಂಗಳೂರಿನ ನರರೋಗ ತಜ್ಞರು ಅಧ್ಯಯನ ಮಾಡಿ ಪ್ರಕಟಿಸಿದ್ದಾರೆ. ದೊಡ್ಡವರಲ್ಲೂ, ಹಚ್ಚಿಕೊಂಡಾಗಲೂ, ಮೂಸಿದಾಗಲೂ ಬಂದ ಉದಾಹರಣೆಗಳಿವೆ. ಮನೆಯಲ್ಲಿ ಮೂರ್ಛೆರೋಗದವರಿದ್ದರೆ ಈ ಎರಡು ಎಣ್ಣೆಗಳನ್ನು ಮನೆಯೊಳಗೇ ತರಬೇಡಿ ಎಂದು ನಾನು ಹೇಳುತ್ತೇನೆ. ಎರಡು ವರ್ಷದೊಳಗಿನ ಕೂಸಿನ ಮೂಗಿನ ಹತ್ತಿರ ಪುದೀನ ಹೂವು, ನೀಲಗಿರಿ ಹಿಡಿದರೆ ಉಸಿರು ಬಿಗಿಹಿಡಿಯಬಹುದು. ಟವೆಲಿನ ತುದಿಗೆ ಎರಡು ಹನಿ ಎಂಬ ಉಪಚಾರವೂ ಬೇಡ.

ಇನ್ನೊಂದು, ಅಮೃತಧಾರೆ. ಕರ್ಪೂರ, ಪುದೀನ ಹೂವು, ಓಮದ ಹೂವು (ಥೈಮಾಲ್ ಹರಳು) ಮೂರನ್ನೂ ಸಮಭಾಗ ಸೀಸೆಗೆ ಹಾಕಿ ಮುಚ್ಚಳ ಮುಚ್ಚಿ ಕುಲುಕಿದರೆ, ಹನಿ ನೀರು ಹಾಕದೆಯೂ ಒಣ ಹರಳುಗಳು ಬೆವರಿ ಕರಗಿ ಎಣ್ಣೆಯಂತಾಗುತ್ತವೆ. ಚಿಕ್ಕವಳಿದ್ದಾಗ ನಮ್ಮ ಅಜ್ಜಿ ಅದನ್ನು ಮಾಡುವಾಗ ಮಾಯಾಜಾಲ ನೋಡಿದಂತೆ ನೋಡುತ್ತಿದ್ದೆ. ಕರಗಿದ್ದರಿಂದ ಅದು ತೆಳುವಾಯಿತೆಂದು ಜನ ತಿಳಿಯುತ್ತಾರೆ. ಅದರಲ್ಲಿ ಬೆರೆಸಿದ್ದು ಏನೂ ಇಲ್ಲ. ಮೂರು ತೀಕ್ಷ್ಣ ವಸ್ತುಗಳು ನೂರಕ್ಕೆ ನೂರು ಹಾಗೆಯೇ ಇವೆ, ಮೂರನೇ ಒಂದು ಪಾಲು ಶುದ್ಧ ಕರ್ಪೂರ. ನಾನು ಕಂಡ ಒಂದು ಮಗು, ಎರಡೂವರೆ ವರ್ಷದ್ದು, ಕೆಮ್ಮಿನ ಸಿರಪ್ಪಿನ ಹಳೆಯ ಸೀಸೆಯಲ್ಲಿ ತುಂಬಿಟ್ಟಿದ್ದ ಇದನ್ನು ಬಾಯಿಗೆ ಸುರಿದುಕೊಂಡಿತ್ತು. ಸೀಸೆ ಗುರುತಿನದು, ಸಿಹಿ ಇರುತ್ತದೆಂದು ಅದಕ್ಕೆ ಗೊತ್ತಿತ್ತು. ಆಟೋದಲ್ಲಿ ತರುವಾಗಲೇ ಫಿಟ್ಸ್ ಶುರುವಾಗಿತ್ತು; ಎರಡು ದಿನ ತೀವ್ರ ನಿಗಾದಲ್ಲಿದ್ದು ಉಳಿದುಕೊಂಡಿತು.

ಹಾಗೇನಾದರೂ ಆದರೆ ವಾಂತಿ ಮಾಡಿಸಬೇಡಿ. ಈ ಎಣ್ಣೆಗಳು ವಾಂತಿಯ ಜೊತೆ ಶ್ವಾಸಕೋಶಕ್ಕೆ ಜಾರಿದರೆ ಅಲ್ಲಿ ಸುಟ್ಟಂತಾಗಿ ನ್ಯುಮೋನಿಯಾ ಆಗುತ್ತದೆ. 108ಕ್ಕೆ ಕರೆ ಮಾಡಿ, ಸೀಸೆಯನ್ನು ಜೊತೆಗೇ ತನ್ನಿ; ಏನು ಕುಡಿದಿದೆ ಎಂದು ಮೂಸಿ ಊಹಿಸುವುದರಲ್ಲಿ ಸಮಯ ಹೋಗುತ್ತದೆ. ಕಣ್ಣಿಗೆ ಸಿಡಿದರೆ ಕಾಲು ಗಂಟೆ ಶುದ್ಧ ನೀರು ಹರಿಸಬೇಕು. ಚರ್ಮ ಉರಿದರೆ ಬರೀ ನೀರಿಗೆ ಎಣ್ಣೆ ಜಗ್ಗುವುದಿಲ್ಲ, ಮೊದಲು ಸಾದಾ ಅಡಿಗೆ ಎಣ್ಣೆಯಿಂದ ಒರೆಸಿ, ಆಮೇಲೆ ಸಾಬೂನು ಹಚ್ಚಿ ತೊಳೆಯಿರಿ.

ಬಿಳಿಜೋಳ, ಲಿಂಗಸುಗೂರು

ಸಿಸ್ಟರ್, ಸಿರಪ್ಪಿನ ಸೀಸೆಯ ಮಾತು ಓದಿ ಎದ್ದು ಹೋಗಿ ನಮ್ಮ ಮಾಡ ನೋಡಿದೆ. ಎರಡಿದ್ದವು. ಒಂದರಲ್ಲಿ ನೀಲಗಿರಿ, ಇನ್ನೊಂದರಲ್ಲಿ ಸೀಮೆಎಣ್ಣೆ. ಕಂಪನಿಯ ಮೇಲಿನ ನನ್ನ ವಾದವನ್ನು ಸದ್ಯಕ್ಕೆ ಬದಿಗಿಡುತ್ತೇನೆ.

ಮಾಳಿಗೆಮನೆ, ಮಾನ್ವಿ

ಎಣ್ಣೆ ಇಡುವ ಜಾಗದ ಬಗ್ಗೆ ಯಾರೂ ಹೇಳಿಲ್ಲ. ಕೈಪಿಡಿಗಳಲ್ಲಿ ‘ತಂಪಾದ ಕತ್ತಲೆಯ ಜಾಗ’ ಎಂದಿರುತ್ತದೆ. ಏಪ್ರಿಲ್ ಮೇ ತಿಂಗಳಲ್ಲಿ 42, 43 ಡಿಗ್ರಿ ಮುಟ್ಟುವ ನಮ್ಮ ಊರುಗಳಲ್ಲಿ ಅಂಥ ಜಾಗವನ್ನು ಹುಡುಕಿಯೇ ತೀರಬೇಕು. ನಿಂಬೆ, ಕಿತ್ತಳೆಗಳಲ್ಲಿರುವ ಲಿಮೊನೀನ್, ಲ್ಯಾವೆಂಡರಿನಲ್ಲಿರುವ ಲಿನಲೂಲ್ ಗಾಳಿ, ಬೆಳಕು, ಶಾಖಕ್ಕೆ ಸಿಕ್ಕು ಕೆಡುತ್ತವೆ, ಮತ್ತು ಕೆಟ್ಟಾಗ ಹುಟ್ಟುವ ಪೆರಾಕ್ಸೈಡುಗಳೇ ಅಲರ್ಜಿಗೆ ದೊಡ್ಡ ಕಾರಣ. ಹೊಸದರಲ್ಲಿ ಒಗ್ಗಿದ ಎಣ್ಣೆ ಆರು ತಿಂಗಳಿಗೆ ಒಗ್ಗದಿರುವುದು ಹೀಗೆ. ಸೊಂಟ ತುರಿಸುವ ಅಕ್ಕನವರ ಬಾಟಲಿ ಎಲ್ಲಿತ್ತೆಂದು ಕೇಳಬೇಕು.

ತಗಡಿನ ಶೆಡ್ಡಿನಲ್ಲಿ, ಒಲೆಯ ಪಕ್ಕದ ಗೂಡಿನಲ್ಲಿ, ಬೈಕಿನ ಡಿಕ್ಕಿಯಲ್ಲಿ ಇಡಬೇಡಿ. ನೀಲಗಿರಿ, ನಿಂಬೆ ಎಣ್ಣೆಗಳ ಆವಿ 50 ಡಿಗ್ರಿಯ ಆಸುಪಾಸಿನಲ್ಲೇ ಕಿಡಿಗೆ ಹತ್ತಿಕೊಳ್ಳುತ್ತದೆ, ಮೇ ತಿಂಗಳ ತಗಡಿನ ಕೆಳಗೆ ಆ ಬಿಸಿ ದೂರವೇನಿಲ್ಲ. ನಾನು ಮಣ್ಣಿನ ಎರಡು ಗಡಿಗೆ ತೆಗೆದುಕೊಂಡು, ಒಂದರೊಳಗೊಂದಿಟ್ಟು, ನಡುವೆ ಉಸುಕು ತುಂಬಿ, ದಿನಕ್ಕೆರಡು ಸಲ ಉಸುಕಿಗೆ ನೀರು ಹಾಕಿ, ಒಳಗಡಿಗೆಯಲ್ಲಿ ಬಾಟಲಿಗಳನ್ನು ಡಬ್ಬಿಯಲ್ಲಿಟ್ಟು ಮೇಲೆ ಹಸಿ ಗೋಣಿ ಮುಚ್ಚುತ್ತೇನೆ. ನಮ್ಮ ಒಣ ಹವೆಗೆ ಇದು ಚೆನ್ನಾಗಿ ತಣಿಯುತ್ತದೆ. ಫ್ರಿಜ್ಜಿದ್ದವರು ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ, ತಿನ್ನುವ ಪದಾರ್ಥಗಳಿಂದ ಬೇರೆಯಾಗಿ ಇಡಬಹುದು. ಅರ್ಧ ಖಾಲಿಯಾದ ದೊಡ್ಡ ಬಾಟಲಿಯಿಂದ ಸಣ್ಣದಕ್ಕೆ ಬದಲಿಸಿದರೆ ಒಳಗೆ ಗಾಳಿ ಕಡಿಮೆಯಾಗುತ್ತದೆ. ಮೂಲ ಎಣ್ಣೆಯಲ್ಲೂ ವ್ಯತ್ಯಾಸವಿದೆ: ನಮ್ಮ ಕುಸುಬೆ ಎಣ್ಣೆ ಬೇಗ ಕಮಟು ಹಿಡಿಯುತ್ತದೆ, ಎಳ್ಳೆಣ್ಣೆ ತಡೆಯುತ್ತದೆ, ಶೇಂಗಾ ಎಣ್ಣೆಯಾದರೆ ಶೇಂಗಾ ಒಗ್ಗದವರಿದ್ದಾರೆಯೇ ಎಂದು ಕೇಳಿ ಹಚ್ಚಬೇಕು.

ನಾಟಿಗದ್ದೆ, ಸಿಂಧನೂರು

ಎಲ್ಲರಿಗೂ ಕೈಮುಗಿಯುತ್ತೇನೆ. ಮಾನ್ವಿಯವರು ಕೇಳಿದ ಬಾಟಲಿ ಪಂಪ್‌ಸೆಟ್ಟಿನ ತಗಡಿನ ಮನೆಯಲ್ಲಿತ್ತು, ಗದ್ದೆಯ ಹತ್ತಿರವೆಂದು ಅಲ್ಲೇ ಇಟ್ಟಿದ್ದರು. ಮುಚ್ಚಳ ತೆಗೆದು ಮೂಸಿದರೆ ನಿಂಬೆಯ ವಾಸನೆ ಇಲ್ಲ, ಬಣ್ಣದ ಅಂಗಡಿಯ ವಾಸನೆ ಬರುತ್ತಿದೆ.

ನಿನ್ನೆ ನಾವು ಮೂವರು ಕುಳಿತು ಇನ್ನೊಂದು ಪರೀಕ್ಷೆ ಮಾಡಿದೆವು. ಚೀಟಿಯ ಹಿಂಬದಿಯಲ್ಲಿ ‘20 ಹನಿ ಎಂದರೆ 1 ಮಿಲಿ’ ಎಂದಿತ್ತು. ಸೂಜಿ ತೆಗೆದ ಸಿರಿಂಜಿಗೆ ಹನಿ ಹನಿಯಾಗಿ ಬಿಟ್ಟು ಎಣಿಸಿದರೆ, ನೀಲಗಿರಿಯ ಬಾಟಲಿಯಿಂದ 1 ಮಿಲಿಗೆ 34 ಹನಿ ಬಂದವು, ಲವಂಗದ ಬಾಟಲಿಯಿಂದ 25. ಹನಿಯ ಲೆಕ್ಕವನ್ನು ನಂಬಿ ಸಣ್ಣ ಸೀಸೆಗಳಲ್ಲಿ ಬೆರೆಸಿದ್ದವರದು ಒಬ್ಬೊಬ್ಬರದು ಒಂದೊಂದು ಬಲದ ಎಣ್ಣೆಯಾಗಿದೆ. ಲವಂಗದ ಹನಿಯನ್ನು ಲೋಟದ ನೀರಿಗೆ ಬಿಟ್ಟರೆ ಮಣಿಯಂತೆ ತಳಕ್ಕೆ ಹೋಗಿ ಕೂತಿತು, ನೀಲಗಿರಿ ಮೇಲೆಯೇ ತೇಲಿತು. ಸ್ನಾನದ ನೀರಿಗೆ ನಾಲ್ಕು ಹನಿ ಹಾಕಿಕೊಳ್ಳುವ ಅಭ್ಯಾಸ ನಮ್ಮಲ್ಲಿ ಒಬ್ಬರಿಗಿತ್ತು. ಅದು ನೀರಿನಲ್ಲಿ ಬೆರೆಯುವುದೇ ಇಲ್ಲ, ಹಾಗೆಯೇ ಮೈಗೆ ಅಂಟುತ್ತದೆ ಎಂದು ಅವರು ಕಣ್ಣಾರೆ ಕಂಡು ಬಿಟ್ಟರು.

ಹೊಸ ಅಳತೆಯನ್ನು ಹೀಗೆ ಇಟ್ಟುಕೊಂಡಿದ್ದೇವೆ, ತಪ್ಪಿದ್ದರೆ ತಿದ್ದಿ: 100 ಮಿಲಿಗೆ ನೀಲಗಿರಿ 2 ಮಿಲಿ, ವಿಂಟರ್‌ಗ್ರೀನ್ 1 ಮಿಲಿ, ಲವಂಗ ಅರ್ಧ ಮಿಲಿ, ಮಜ್ಜಿಗೆಹುಲ್ಲು ಅರ್ಧ ಮಿಲಿ, ಕರ್ಪೂರ 1 ಗ್ರಾಂ. ನಿಂಬೆ ಇಲ್ಲ, ದಾಲ್ಚಿನ್ನಿ ಇಲ್ಲ. ಹಳೆಯ ಮಿಶ್ರಣ ಇನ್ನೂ ಮೂರು ಲೀಟರ್ ಉಳಿದಿದೆ. ಅದಕ್ಕೆ ನಾಲ್ಕು ಪಟ್ಟು ಎಳ್ಳೆಣ್ಣೆ ಸೇರಿಸಿದರೆ ಎಲ್ಲವೂ ಮಿತಿಯೊಳಗೆ ಬರುತ್ತದಲ್ಲವೇ? ಎಳ್ಳೆಣ್ಣೆಯ ಬೆಲೆ ನಿಮಗೆ ಗೊತ್ತೇ ಇದೆ.

ಗುಳಿಗೆ ಅಂಗಡಿ, ಕೊಪ್ಪಳ

ಹೊಸ ಅಳತೆ ಸರಿಯಾಗಿದೆ. ಲವಂಗದಿಂದ ಬರುವ ಯೂಜಿನಾಲ್ ಶೇಕಡಾ 0.4, ಒಟ್ಟು ಬಲ ಶೇಕಡಾ 5ರೊಳಗೆ. ದೊಡ್ಡವರ ಸೊಂಟ, ಮಂಡಿಯಂಥ ಸಣ್ಣ ಭಾಗಕ್ಕೆ ಕೆಲವು ದಿನಗಳ ಮಟ್ಟಿಗೆ ಸಾಕು. ಇಡೀ ಮೈಗೆ ತಿಕ್ಕುವುದಾದರೆ ಶೇಕಡಾ 1ರಿಂದ 2ಕ್ಕೆ ಇಳಿಸಿ. ಪೂಜೆಯ ಬಿಲ್ಲೆ ಕರ್ಪೂರ ಬೇಡ, ಅದು ಉರಿಸಲು ತಯಾರಾದದ್ದು. ಬಂಗಾರ ತೂಗುವಂಥ ಸಣ್ಣ ತಕ್ಕಡಿ ಸಿಕ್ಕರೆ ಸಿರಿಂಜಿಗಿಂತ ಅದು ಮೇಲು. ಪ್ಲಾಸ್ಟಿಕ್ ಸಿರಿಂಜಿನ ರಬ್ಬರನ್ನು ಈ ಎಣ್ಣೆಗಳು ಉಬ್ಬಿಸುತ್ತವೆ. ಹೊಸದಾಗಿ ಹಚ್ಚುವವರು ಮೊದಲು ಮೊಣಕೈಯ ಒಳಬದಿಗೆ ಸವರಿ ಎರಡು ದಿನ ನೋಡಲಿ. ತುರಿಕೆ ಬಂದಿದ್ದವರಿಗೆ ಈ ಹೊಸದೂ ಬೇಡ, ಲವಂಗ ಇನ್ನೂ ಇದೆ. ಅವರಿಗೆ ನಿಮ್ಮ ಹಳೆಯ ಬೆಳ್ಳುಳ್ಳಿ ಓಂಕಾಳಿನ ಎಣ್ಣೆಯೇ ಇರಲಿ.

ಜಾತ್ರೆಯ ಮಾರಾಟದ ವಿಷಯದಲ್ಲಿ ನಿರಾಸೆ ಮಾಡಬೇಕಾಗಿದೆ. ನೋವು ಕಡಿಮೆ ಮಾಡುತ್ತದೆ ಎಂದು ಬಾಟಲಿಯ ಮೇಲೆ ಬರೆದ ಕ್ಷಣವೇ ಅದು 1940ರ ಔಷಧ ಮತ್ತು ಸೌಂದರ್ಯವರ್ಧಕ ಕಾಯ್ದೆಯಡಿ ಔಷಧವಾಗುತ್ತದೆ, ತಯಾರಿಕೆಗೆ ಪರವಾನಗಿ ಬೇಕು. ಬರೀ ಮೈಗೆಣ್ಣೆ ಎಂದು ಮಾರಿದರೂ ಸೌಂದರ್ಯವರ್ಧಕದ ಪರವಾನಗಿ ಬೇಕು. ಆಯುಷ್ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ಮೊದಲು ವಿಚಾರಿಸಿ.

ಮೂರು ಲೀಟರಿನ ಲೆಕ್ಕ ನೀವು ಹಾಕಿದ್ದು ಸರಿಯೇ. ಐದು ಪಟ್ಟು ತೆಳುವಾದರೆ ನಿಂಬೆ ಶೇಕಡಾ 0.6, ಯೂಜಿನಾಲ್ 0.48, ಎಲ್ಲ ಮಿತಿಯೊಳಗೆ. ಅದು ತಾಜಾ ಎಣ್ಣೆಯಾಗಿದ್ದರೆ ನಾನೇ ಹಾಗೆ ಮಾಡಿ ಎನ್ನುತ್ತಿದ್ದೆ. ಬಣ್ಣದ ಅಂಗಡಿಯ ವಾಸನೆ ಬಂದ ಮೇಲೆ ಒಳಗೆ ಹುಟ್ಟಿರುವುದು ಏನೆಂದು ಯಾವ ಲೆಕ್ಕವೂ ಹೇಳುವುದಿಲ್ಲ. ಅದಕ್ಕೆ ಹನ್ನೆರಡು ಲೀಟರ್ ಒಳ್ಳೆಯ ಎಳ್ಳೆಣ್ಣೆಯನ್ನು ಸುರಿದರೆ ಅದೂ ಹೋಗುತ್ತದೆ.

ನಾಟಿಗದ್ದೆ, ಸಿಂಧನೂರು

ಸರಿ ಅಣ್ಣನವರೇ, ಚೆಲ್ಲುತ್ತೇವೆ. ಕಾಲುವೆಗೆ ಸುರಿಯಬಾರದೆಂದು ನಮಗೂ ಗೊತ್ತು, ಕೆಳಗಿನವರು ಅದೇ ನೀರು ಕುಡಿಯುತ್ತಾರೆ. ಬೂದಿಗೆ ಸುರಿದು ಮಣ್ಣಲ್ಲಿ ಹೂತರೆ ಆದೀತೇ?

ಮಾಳಿಗೆಮನೆ, ಮಾನ್ವಿ

ಆದೀತು ಅಕ್ಕಾ, ಬಾವಿಯಿಂದ, ದನ ಮೇಯುವ ಜಾಗದಿಂದ ದೂರ ಹೂಳಿ. ಒರೆಸಿದ ಬಟ್ಟೆಗಳನ್ನು ಮಾತ್ರ ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಎಣ್ಣೆ ಹೀರಿದ ಬಟ್ಟೆಯ ಗುಡ್ಡೆ ಈ ಬಿಸಿಲಿಗೆ ಒಳಗೊಳಗೇ ಕಾದು ಹೊತ್ತಿಕೊಂಡದ್ದುಂಟು. ಒಂದೊಂದಾಗಿ ಹರವಿ, ಸಾಬೂನು ನೀರಲ್ಲಿ ನೆನೆಸಿ ಒಗೆಯಿರಿ.